ಕೆರೆ ನೀರಿನ ಪರೋಪಜೀವಿಗಳು ಮತ್ತು ಅವುಗಳ ಮರಿಹುಳುಗಳನ್ನು ತಿನ್ನುವ ಸಣ್ಣ ಜಲಜೀವಿಗಳು: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಧಾರವಾಡ ಜಿಲ್ಲೆಯ ನವಲಗುಂದ ತಾಲ್ಲೂಕಿನ ಮೊರಬ ಹೋಬಳಿ ಹಾಗೂ ಸುತ್ತಲಿನ ಎರೆಭೂಮಿಯ ಗ್ರಾಮಗಳಲ್ಲಿ ಅಂತರ್ಜಲವು ಬಹಳ ಕಡೆ ಸವುಳಾಗಿರುತ್ತದೆ. ಆದುದರಿಂದ ಈ ಭಾಗದ ಜನರು ಮಳೆಯ ನೀರಿನಿಂದಲೂ ಮಲಪ್ರಭಾ ಕಾಲುವೆಯ ನೀರಿನಿಂದಲೂ ತುಂಬುವ ಕೆರೆಗಳನ್ನು ಬಹುಕಾಲದಿಂದ ಅವಲಂಬಿಸಿದ್ದಾರೆ. ಜನರ ಕುಡಿಯುವ ನೀರು, ಜಾನುವಾರುಗಳ ಕುಡಿಯುವ ನೀರು ಮತ್ತು ಬಟ್ಟೆ ತೊಳೆಯುವ ನೀರು ಅನೇಕ ವೇಳೆ ನಿಂತ ನೀರೇ ಆಗಿರುವುದರಿಂದ, ಆ ನೀರಿನಲ್ಲಿ ಯಾವ ಜೀವಿಗಳಿವೆ, ಅವು ಏನನ್ನು ತಿನ್ನುತ್ತವೆ ಎಂಬುದು ಗ್ರಾಮಸ್ಥರ ಆರೋಗ್ಯಕ್ಕೂ ಜಾನುವಾರುಗಳ ಆರೋಗ್ಯಕ್ಕೂ ನೇರವಾಗಿ ಸಂಬಂಧಿಸಿದ ವಿಷಯವಾಗಿದೆ.

ಮನುಷ್ಯರಿಗೂ ಪ್ರಾಣಿಗಳಿಗೂ ರೋಗ ತರುವ ಹಲವು ಹುಳುಗಳು ತಮ್ಮ ಜೀವನದ ಒಂದು ಭಾಗವನ್ನು ನೀರಿನಲ್ಲಿ ಮರಿಹುಳುಗಳಾಗಿ ಈಜಾಡುತ್ತ ಕಳೆಯುತ್ತವೆ. ಈ ಅವಧಿಯಲ್ಲಿ ಕೆರೆಯ ಸಣ್ಣ ಜಲಜೀವಿಗಳು ಅವುಗಳನ್ನು ಆಹಾರವಾಗಿ ತಿನ್ನುತ್ತವೆ. ಕೆಲವು ಸಂದರ್ಭಗಳಲ್ಲಿ ಇದರಿಂದ ರೋಗ ಕಡಿಮೆಯಾಗುತ್ತದೆ. ಇನ್ನು ಕೆಲವು ಸಂದರ್ಭಗಳಲ್ಲಿ ಇದೇ ಕಾರಣದಿಂದ ರೋಗ ಹರಡುತ್ತದೆ. ಈ ವ್ಯತ್ಯಾಸವನ್ನು ಸಾರ್ವಜನಿಕರಿಗೆ ತಿಳಿಸಿ, ಅವರು ಕೈಗೊಳ್ಳಬೇಕಾದ ಕ್ರಮಗಳನ್ನೂ ಸೇವೆ ಪಡೆಯುವ ವಿಧಾನವನ್ನೂ ವಿವರಿಸುವುದು ಈ ಪುಟದ ಉದ್ದೇಶವಾಗಿರುತ್ತದೆ.

ಮುಖ್ಯಾಂಶಗಳು

1. ನಾರುಹುಣ್ಣಿನ ಮರಿಹುಳುವನ್ನು ಸೈಕ್ಲೋಪ್ಸ್ ಎಂಬ ಸಣ್ಣ ಜಲಜೀವಿ ತಿಂದಾಗ ಮರಿಹುಳು ಸಾಯುವುದಿಲ್ಲ. ಅದರ ದೇಹದೊಳಗೆ ಬೆಳೆಯುತ್ತದೆ. ನೀರನ್ನು ಸೋಸದೆ ಕುಡಿದವರಿಗೆ ರೋಗ ತಗಲುತ್ತದೆ.
2. ಜಾನುವಾರುಗಳ ಚಪ್ಪಟೆ ಹುಳುಗಳ ಮರಿಗಳನ್ನು ಕೀಟಗಳ ಮರಿಗಳು ಮತ್ತು ಇತರ ಸಣ್ಣ ಜಲಜೀವಿಗಳು ತಿಂದಾಗ ಸಾಮಾನ್ಯವಾಗಿ ಮರಿಹುಳು ಅಲ್ಲಿಗೇ ಕೊನೆಗೊಳ್ಳುತ್ತದೆ.
3. ಕೆರೆಗೆ ಕೃಷಿ ಕೀಟನಾಶಕ ಸೇರಿದರೆ ಈ ಉಪಕಾರಿ ಜೀವಿಗಳು ಮೊದಲು ಸಾಯುತ್ತವೆ. ರೋಗ ಹರಡುವ ಬಸವನಹುಳು ಅನೇಕ ವೇಳೆ ಉಳಿದುಕೊಳ್ಳುತ್ತದೆ.
4. ಕೆರೆಯ ಜೀವಿಗಳು ನೀರನ್ನು ಸೋಸುವುದಕ್ಕಾಗಲಿ ಜಾನುವಾರುಗಳ ಚಿಕಿತ್ಸೆಗಾಗಲಿ ಬದಲಿಯಾಗಲಾರವು.

ಕೆಲವು ಪದಗಳ ಅರ್ಥ

ಪರೋಪಜೀವಿ: ಮತ್ತೊಂದು ಜೀವಿಯ ದೇಹದ ಒಳಗೆ ಅಥವಾ ಮೇಲೆ ವಾಸಿಸಿ, ಅದರಿಂದಲೇ ಆಹಾರ ಪಡೆಯುವ ಜೀವಿ. ಜಂತುಹುಳು, ಉಣ್ಣೆ, ಚಪ್ಪಟೆ ಹುಳು ಇತ್ಯಾದಿ.

ಆಶ್ರಯದಾತ ಜೀವಿ: ಪರೋಪಜೀವಿಗೆ ನೆಲೆಯಾಗುವ ಪ್ರಾಣಿ. ಒಂದೇ ಪರೋಪಜೀವಿಗೆ ಒಂದಕ್ಕಿಂತ ಹೆಚ್ಚು ಆಶ್ರಯದಾತ ಜೀವಿಗಳು ಬೇಕಾಗಬಹುದು.

ಮುಕ್ತ ಹಂತ: ಒಂದು ಆಶ್ರಯದಾತ ಜೀವಿಯನ್ನು ಬಿಟ್ಟು ಇನ್ನೊಂದನ್ನು ಸೇರುವವರೆಗೆ ಪರೋಪಜೀವಿಯು ನೀರಿನಲ್ಲಿ ಅಥವಾ ನೆಲದಲ್ಲಿ ಸ್ವತಂತ್ರವಾಗಿ ಇರುವ ಅವಧಿ.

ಅಕಶೇರುಕ: ಬೆನ್ನೆಲುಬಿಲ್ಲದ ಜೀವಿ. ಕೀಟ, ಹುಳು, ಬಸವನಹುಳು, ಏಡಿ, ಸೈಕ್ಲೋಪ್ಸ್ ಮುಂತಾದವು.

ಸೈಕ್ಲೋಪ್ಸ್: ಸುಮಾರು ಒಂದರಿಂದ ಎರಡು ಮಿಲಿಮೀಟರ್ ಉದ್ದದ, ಸಿಗಡಿಯ ದೂರದ ಬಂಧುವಾದ ಜಲಜೀವಿ. ಗಾಜಿನ ಲೋಟದಲ್ಲಿ ಕೆರೆ ನೀರನ್ನು ತುಂಬಿ ಬೆಳಕಿಗೆ ಹಿಡಿದರೆ ಬಿಳಿಯ ಚುಕ್ಕೆಯಂತೆ ಜಿಗಿಯುತ್ತ ಓಡಾಡುವುದು ಬರಿಗಣ್ಣಿಗೂ ಕಾಣುತ್ತದೆ.

ತಿಂದರೂ ಸಾಯದ ಮರಿಹುಳು: ನಾರುಹುಣ್ಣು

ನಾರುಹುಣ್ಣು ಒಂದು ಉದ್ದನೆಯ ದಾರದಂತಹ ಹುಳುವಿನಿಂದ ಬರುವ ರೋಗ. ಹೆಣ್ಣು ಹುಳು 60 ಸೆಂಟಿಮೀಟರ್‌ನಿಂದ ಒಂದು ಮೀಟರ್‌ವರೆಗೆ ಬೆಳೆಯುತ್ತದೆ. ಸೋಂಕು ತಗಲಿದ ಸುಮಾರು ಒಂದು ವರ್ಷದ ನಂತರ ರೋಗಿಯ ಚರ್ಮದಲ್ಲಿ, ಹೆಚ್ಚಾಗಿ ಮೊಣಕಾಲಿನ ಕೆಳಗೆ, ಉರಿಯುವ ಗುಳ್ಳೆ ಏಳುತ್ತದೆ. ಗುಳ್ಳೆ ಒಡೆದು ಹುಳುವಿನ ತುದಿ ಹೊರಬರುತ್ತದೆ. ಉರಿ ತಾಳಲಾರದೆ ರೋಗಿಯು ಕಾಲನ್ನು ನೀರಿನಲ್ಲಿ ಇಳಿಸಿದಾಗ ಹುಳುವು ಲಕ್ಷಗಟ್ಟಲೆ ಮರಿಹುಳುಗಳನ್ನು ನೀರಿಗೆ ಬಿಡುತ್ತದೆ.

ಈ ಮರಿಹುಳುಗಳು ನೀರಿನಲ್ಲಿ ತಾವಾಗಿಯೇ ಬದುಕಬಲ್ಲ ಅವಧಿ ಕೆಲವೇ ದಿನಗಳು. ಅಷ್ಟರೊಳಗೆ ಅವುಗಳನ್ನು ಸೈಕ್ಲೋಪ್ಸ್ ತಿನ್ನಬೇಕು. ನೀರಿನಲ್ಲಿ ಹೊರಳಾಡುವ ಮರಿಹುಳುವನ್ನು ಸೈಕ್ಲೋಪ್ಸ್ ಬೇಟೆಯೆಂದು ಹಿಡಿದು ನುಂಗುತ್ತದೆ. ನುಂಗಿದ ಮರಿಹುಳು ಜೀರ್ಣವಾಗದೆ ಸೈಕ್ಲೋಪ್ಸಿನ ಕರುಳನ್ನು ಕೊರೆದು ಅದರ ದೇಹದ ಒಳಭಾಗವನ್ನು ಸೇರುತ್ತದೆ. ಬೆಚ್ಚಗಿನ ನೀರಿನಲ್ಲಿ ಸುಮಾರು ಎರಡು ವಾರಗಳಲ್ಲಿ ಅದು ಮನುಷ್ಯನಿಗೆ ಸೋಂಕು ತಗಲಿಸುವ ಹಂತಕ್ಕೆ ಬೆಳೆಯುತ್ತದೆ. ಅಂತಹ ಸೈಕ್ಲೋಪ್ಸ್ ಇರುವ ನೀರನ್ನು ಸೋಸದೆ ಕುಡಿದಾಗ ಜಠರದ ಆಮ್ಲದಲ್ಲಿ ಸೈಕ್ಲೋಪ್ಸ್ ಸಾಯುತ್ತದೆ. ಮರಿಹುಳು ಬಿಡುಗಡೆಯಾಗಿ ಕರುಳಿನ ಗೋಡೆಯ ಮೂಲಕ ದೇಹವನ್ನು ಸೇರುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶವೇನೆಂದರೆ, ಮರಿಹುಳುವನ್ನು ಸೈಕ್ಲೋಪ್ಸ್ ತಿನ್ನದಿದ್ದರೆ ಮರಿಹುಳು ನೀರಿನಲ್ಲಿಯೇ ಸಾಯುತ್ತದೆ. ಮನುಷ್ಯನು ನೀರಿನೊಂದಿಗೆ ಮರಿಹುಳುವನ್ನು ನೇರವಾಗಿ ಕುಡಿದರೂ ರೋಗ ಬರುವುದಿಲ್ಲ. ಹೀಗೆ ನಾರುಹುಣ್ಣಿನ ಸರಪಳಿಯಲ್ಲಿ ಸೈಕ್ಲೋಪ್ಸ್ ಅನಿವಾರ್ಯವಾದ ಕೊಂಡಿಯಾಗಿದೆ. ಸೈಕ್ಲೋಪ್ಸಿನ ಪಾತ್ರವನ್ನು ಮೊದಲು ಗುರುತಿಸಿದವರು ರಷ್ಯಾದ ವಿಜ್ಞಾನಿ ಅಲೆಕ್ಸೀ ಫೆಡ್ಚೆಂಕೊ. ಅವರು 1870ರ ಸುಮಾರಿಗೆ ಮಧ್ಯ ಏಷ್ಯಾದ ತುರ್ಕಿಸ್ತಾನದಲ್ಲಿ ಈ ಅಧ್ಯಯನವನ್ನು ಕೈಗೊಂಡಿದ್ದರು.

ಈ ರೋಗಕ್ಕೆ ಲಸಿಕೆಯಿಲ್ಲ. ಹುಳುವನ್ನು ಕೊಲ್ಲುವ ಔಷಧವೂ ಇಲ್ಲ. ಹೊರಬಂದ ಹುಳುವನ್ನು ಸಣ್ಣ ಕಡ್ಡಿಗೆ ಸುತ್ತಿ ದಿನವೂ ಸ್ವಲ್ಪ ಸ್ವಲ್ಪವಾಗಿ ಎಳೆದು ತೆಗೆಯುವುದೇ ಹಿಂದಿನಿಂದ ಬಂದಿರುವ ಕ್ರಮ. ಇದಕ್ಕೆ ವಾರಗಟ್ಟಲೆ ಕಾಲ ಹಿಡಿಯುತ್ತಿತ್ತು. ಬಿತ್ತನೆ ಅಥವಾ ಸುಗ್ಗಿಯ ಕಾಲದಲ್ಲಿ ರೋಗ ಬಂದರೆ ಇಡೀ ಕುಟುಂಬದ ದುಡಿಮೆ ನಿಲ್ಲುತ್ತಿತ್ತು.

ಚಿತ್ರದುರ್ಗ ಜಿಲ್ಲೆಯಲ್ಲಿ ನಡೆದ ಅಧ್ಯಯನ

ನಾರುಹುಣ್ಣಿನ ಕುರಿತು ಜಗತ್ತಿನಲ್ಲಿ ನಡೆದ ಪ್ರಮುಖ ಅಧ್ಯಯನಗಳಲ್ಲಿ ಒಂದು ಕರ್ನಾಟಕದಲ್ಲಿಯೇ ನಡೆಯಿತು. 1930ರ ದಶಕದಲ್ಲಿ ಮೈಸೂರು ಸಂಸ್ಥಾನದ ಆರೋಗ್ಯ ಇಲಾಖೆಯ ಡಾ. ವಿ. ಎನ್. ಮೂರ್ತಿ ಅವರು ಅಂದು ಚಿತಲ್‌ದುರ್ಗ ಎಂದು ಕರೆಯಲಾಗುತ್ತಿದ್ದ ಚಿತ್ರದುರ್ಗ ಜಿಲ್ಲೆಯಲ್ಲಿ ಈ ರೋಗವನ್ನು ಅಧ್ಯಯನ ಮಾಡಿದರು. ಜಿಲ್ಲೆಯ ರೋಗಪ್ರಸಾರದ ಬಗೆಗಿನ ಅವರ ವರದಿ 1932ರಲ್ಲಿ ಪ್ರಕಟವಾಯಿತು. ರಾಕ್‌ಫೆಲ್ಲರ್ ಪ್ರತಿಷ್ಠಾನದ ಡಾ. ಡಬ್ಲ್ಯು. ಸಿ. ಸ್ವೀಟ್ ಅವರು ಈ ಕಾರ್ಯದಲ್ಲಿ ಅವರೊಂದಿಗಿದ್ದರು.

ಅಂದು ರೋಗದ ಮುಖ್ಯ ನೆಲೆಯಾಗಿದ್ದದ್ದು ಮೆಟ್ಟಿಲು ಬಾವಿಗಳು. ನೀರು ತರಲು ಬಂದವರು ಮೆಟ್ಟಿಲಿಳಿದು, ಕಾಲನ್ನು ನೀರಿನಲ್ಲಿಟ್ಟು ಕೊಡ ತುಂಬುತ್ತಿದ್ದರು. ಕಾಲಿನಲ್ಲಿ ಹುಣ್ಣಿದ್ದವರಿಂದ ಮರಿಹುಳುಗಳು ನೀರನ್ನು ಸೇರಿ, ಅಲ್ಲಿಯೇ ಇದ್ದ ಸೈಕ್ಲೋಪ್ಸ್ ಅವುಗಳನ್ನು ತಿಂದು, ಅದೇ ನೀರು ಊರಿನ ಮನೆಗಳನ್ನು ಸೇರುತ್ತಿತ್ತು. ಬೇಸಿಗೆಯಲ್ಲಿ ಬಾವಿಯ ನೀರು ಇಳಿದಾಗ ಸೈಕ್ಲೋಪ್ಸ್ ಕಡಿಮೆ ನೀರಿನಲ್ಲಿ ದಟ್ಟವಾಗಿ ಸೇರಿ ಅಪಾಯ ಹೆಚ್ಚುತ್ತಿತ್ತು.

ಡಾ. ಮೂರ್ತಿ ಮತ್ತು ಡಾ. ಸ್ವೀಟ್ ಅವರು ಸೈಕ್ಲೋಪ್ಸನ್ನು ತಿನ್ನುವ ಸಣ್ಣ ಮೀನುಗಳನ್ನು ಮೆಟ್ಟಿಲು ಬಾವಿಗಳಲ್ಲಿ ಬಿಟ್ಟು ರೋಗವನ್ನು ಹತೋಟಿಗೆ ತರುವ ಜೈವಿಕ ವಿಧಾನವನ್ನು 1936ರಲ್ಲಿ ಪ್ರಕಟಿಸಿದರು. ಮರಿಹುಳುವನ್ನು ತಿನ್ನುವ ಜೀವಿಯನ್ನೇ ತಿನ್ನುವ ಮತ್ತೊಂದು ಜೀವಿಯ ಮೂಲಕ ಸರಪಳಿಯನ್ನು ಕಡಿಯುವುದು ಈ ವಿಧಾನದ ತತ್ವವಾಗಿತ್ತು. ನಾಯಿಗಳಿಗೂ ಈ ಹುಳುವಿನ ಸೋಂಕು ತಗಲಬಲ್ಲದೆಂಬುದನ್ನು ಇದೇ ದಶಕದಲ್ಲಿ ಅವರು ಪ್ರಯೋಗದಿಂದ ತೋರಿಸಿದರು. ಈ ಮಾಹಿತಿಯ ಮಹತ್ವ ಬಹಳ ವರ್ಷಗಳ ನಂತರ ತಿಳಿದುಬಂದಿದ್ದು, ಅದನ್ನು ಮುಂದೆ ವಿವರಿಸಲಾಗಿದೆ.

ನಾರುಹುಣ್ಣಿನ ನಿರ್ಮೂಲನೆ

ಭಾರತ ಸರ್ಕಾರವು 1983-84ರಲ್ಲಿ ರಾಷ್ಟ್ರೀಯ ನಾರುಹುಣ್ಣು ನಿರ್ಮೂಲನಾ ಕಾರ್ಯಕ್ರಮವನ್ನು ಆರಂಭಿಸಿತು. ಆ ಕಾಲದಲ್ಲಿ ಆಂಧ್ರಪ್ರದೇಶ, ಕರ್ನಾಟಕ, ಗುಜರಾತ್, ತಮಿಳುನಾಡು, ಮಧ್ಯಪ್ರದೇಶ, ಮಹಾರಾಷ್ಟ್ರ ಮತ್ತು ರಾಜಸ್ಥಾನ, ಈ 7 ರಾಜ್ಯಗಳನ್ನು ರೋಗಪೀಡಿತವೆಂದು ಗುರುತಿಸಲಾಗಿತ್ತು. 1984ರಲ್ಲಿ ದೇಶದಲ್ಲಿ ಸುಮಾರು 40,000 ರೋಗಿಗಳು ದಾಖಲಾಗಿದ್ದರು. ಕಾರ್ಯಕ್ರಮದಲ್ಲಿ ಕೈಗೊಂಡ ಕ್ರಮಗಳು ಹೀಗಿದ್ದವು:

1. ಮನೆ ಮನೆಗೆ ಭೇಟಿ ನೀಡಿ ರೋಗಿಗಳನ್ನು ಪತ್ತೆ ಮಾಡುವುದು ಮತ್ತು ಅವರು ನೀರಿನ ಮೂಲಗಳಿಗೆ ಇಳಿಯದಂತೆ ನೋಡಿಕೊಳ್ಳುವುದು.
2. ಕುಡಿಯುವ ನೀರನ್ನು ಬಟ್ಟೆಯಿಂದ ಸೋಸುವ ಪದ್ಧತಿಯನ್ನು ರೂಢಿಗೆ ತರುವುದು.
3. ಮೆಟ್ಟಿಲು ಬಾವಿಗಳನ್ನು ಕಟ್ಟೆಯುಳ್ಳ ಸೇದುವ ಬಾವಿಗಳಾಗಿ ಪರಿವರ್ತಿಸುವುದು, ಕೊಳವೆಬಾವಿ ಮತ್ತು ಕೈಪಂಪುಗಳನ್ನು ಒದಗಿಸುವುದು.
4. ಸೈಕ್ಲೋಪ್ಸನ್ನು ಕೊಲ್ಲುವ ಟೆಮಿಫಾಸ್ ಔಷಧವನ್ನು ಆರೋಗ್ಯ ಸಿಬ್ಬಂದಿಯ ಮೂಲಕ ನಿಗದಿತ ಪ್ರಮಾಣದಲ್ಲಿ ನೀರಿನ ಮೂಲಗಳಿಗೆ ಹಾಕುವುದು.

ದೇಶದ ಕೊನೆಯ ರೋಗಿಯು 1996ರ ಜುಲೈ ತಿಂಗಳಿನಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ದಾಖಲಾದರು. ವಿಶ್ವ ಆರೋಗ್ಯ ಸಂಸ್ಥೆಯು 2000ದ ಫೆಬ್ರುವರಿಯಲ್ಲಿ ಭಾರತವನ್ನು ನಾರುಹುಣ್ಣು ಮುಕ್ತ ದೇಶವೆಂದು ಪ್ರಮಾಣೀಕರಿಸಿತು. ಔಷಧವಾಗಲಿ ಲಸಿಕೆಯಾಗಲಿ ಇಲ್ಲದೆ, ಮರಿಹುಳು ಮತ್ತು ಸೈಕ್ಲೋಪ್ಸ್ ಒಂದನ್ನೊಂದು ಸಂಧಿಸದಂತೆ ಹಾಗೂ ಸೈಕ್ಲೋಪ್ಸ್ ಮನುಷ್ಯನ ಬಾಯಿಯನ್ನು ಸೇರದಂತೆ ತಡೆದುದೇ ಈ ಸಾಧನೆಗೆ ಕಾರಣ.

ಜಗತ್ತಿನಲ್ಲಿ 1986ರಲ್ಲಿ ವರ್ಷಕ್ಕೆ ಸುಮಾರು 35 ಲಕ್ಷ ಜನರಿಗೆ ಈ ರೋಗ ಬರುತ್ತಿತ್ತೆಂದು ಅಂದಾಜಿಸಲಾಗಿದೆ. 2024ರಲ್ಲಿ ವರದಿಯಾದ ರೋಗಿಗಳು 15 ಮಾತ್ರ. ಆದರೆ ಆಫ್ರಿಕಾದ ಚಾಡ್ ದೇಶದಲ್ಲಿ 2012ರಿಂದ ನಾಯಿಗಳಲ್ಲಿ ಈ ಸೋಂಕು ಕಂಡುಬರುತ್ತಿದೆ. ಅಲ್ಲಿ ಸೈಕ್ಲೋಪ್ಸನ್ನು ತಿಂದ ಮೀನು ಮತ್ತು ಕಪ್ಪೆಗಳ ದೇಹದಲ್ಲಿಯೂ ಮರಿಹುಳು ಜೀವಂತವಾಗಿ ಉಳಿಯಬಲ್ಲದೆಂದು, ಹಸಿ ಮೀನನ್ನೂ ಅದರ ಕರುಳನ್ನೂ ತಿಂದ ನಾಯಿಗಳಿಗೆ ಸೋಂಕು ತಗಲುವ ಸಾಧ್ಯತೆಯಿದೆಯೆಂದು ಸಂಶೋಧಕರು ಅಭಿಪ್ರಾಯಪಟ್ಟಿದ್ದಾರೆ. ಚಿತ್ರದುರ್ಗದ ಅಧ್ಯಯನದಲ್ಲಿ ನಾಯಿಗಳ ಬಗ್ಗೆ ಕಂಡುಕೊಂಡ ಅಂಶವು ಇದರಿಂದ ಮತ್ತೆ ಮುನ್ನೆಲೆಗೆ ಬಂದಿದೆ.

ತಿಂದರೆ ಕೊನೆಗೊಳ್ಳುವ ಮರಿಹುಳು: ಜಾನುವಾರುಗಳ ಚಪ್ಪಟೆ ಹುಳುಗಳು

ಕೆರೆ ಮತ್ತು ಕಾಲುವೆಯ ನೀರನ್ನು ಕುಡಿಯುವ ದನ, ಎಮ್ಮೆ, ಕುರಿ ಮತ್ತು ಆಡುಗಳಿಗೆ ಚಪ್ಪಟೆ ಹುಳುಗಳ ಬಾಧೆ ಬರುತ್ತದೆ. ಇವುಗಳಲ್ಲಿ ಮುಖ್ಯವಾದವು ಎರಡು.

ಅ) ಯಕೃತ್ತಿನ ಚಪ್ಪಟೆ ಹುಳು: ಎಲೆಯಾಕಾರದ ಈ ಹುಳು ಜಾನುವಾರುಗಳ ಪಿತ್ತನಾಳದಲ್ಲಿ ವಾಸಿಸುತ್ತದೆ. ಅದರ ಮೊಟ್ಟೆಗಳು ಸಗಣಿಯೊಂದಿಗೆ ನೀರನ್ನು ಸೇರುತ್ತವೆ. ಬೆಚ್ಚಗಿನ ನೀರಿನಲ್ಲಿ ಎರಡು ಮೂರು ವಾರಗಳಲ್ಲಿ ಮೊಟ್ಟೆಯೊಡೆದು, ಮಿರಾಸಿಡಿಯಂ ಎಂಬ ಈಜುವ ಮರಿ ಹೊರಬರುತ್ತದೆ. ಇದು ಸುಮಾರು ಒಂದು ದಿನದೊಳಗೆ ಚೂಪು ತುದಿಯ ಚಿಪ್ಪುಳ್ಳ ಲಿಮ್ನಿಯ ಜಾತಿಯ ಬಸವನಹುಳುವನ್ನು ಸೇರದಿದ್ದರೆ ಸಾಯುತ್ತದೆ. ಸೇರಿದರೆ ಅದರೊಳಗೆ ಸಂಖ್ಯೆಯಲ್ಲಿ ಬಹುಪಟ್ಟು ಹೆಚ್ಚಿ, ಕೆಲವು ವಾರಗಳ ನಂತರ ಸರ್ಕೇರಿಯ ಎಂಬ ಬಾಲವುಳ್ಳ ಮರಿಗಳಾಗಿ ಹೊರಬರುತ್ತದೆ. ಸರ್ಕೇರಿಯಗಳು ಕೆಲವೇ ಗಂಟೆಗಳಲ್ಲಿ ನೀರಿನಂಚಿನ ಹುಲ್ಲಿಗೆ ಅಂಟಿಕೊಂಡು ಗಟ್ಟಿ ಹೊದಿಕೆಯೊಳಗೆ ಸೇರುತ್ತವೆ. ಆ ಹುಲ್ಲನ್ನು ಮೇಯ್ದ ಜಾನುವಾರುಗಳಿಗೆ ರೋಗ ಬರುತ್ತದೆ. ಹಾಲು ಕಡಿಮೆಯಾಗುವುದು, ರಕ್ತಹೀನತೆ, ಬಡಕಲಾಗುವುದು, ಗದ್ದದ ಕೆಳಗೆ ನೀರು ತುಂಬಿದ ಬಾವು ಇದರ ಲಕ್ಷಣಗಳು.

ಆ) ರಕ್ತನಾಳದ ಚಪ್ಪಟೆ ಹುಳು: ಇದರ ಒಂದು ಜಾತಿಯು ಜಾನುವಾರುಗಳ ಮೂಗಿನ ರಕ್ತನಾಳಗಳಲ್ಲಿ ವಾಸಿಸುತ್ತದೆ. ಮೂಗಿನೊಳಗೆ ಗಂಟುಗಳು ಬೆಳೆದು ಪ್ರಾಣಿಯು ಗೊರಕೆಯಂತೆ ಸದ್ದು ಮಾಡುತ್ತ ಉಸಿರಾಡುವುದರಿಂದ ಇದನ್ನು ಗೊರಕೆ ರೋಗವೆಂದು ಕರೆಯಲಾಗುತ್ತದೆ. ಈ ಜಾತಿಯನ್ನು ಎಂ. ಎ. ಎನ್. ರಾವ್ ಅವರು 1933ರಲ್ಲಿ ಭಾರತದಲ್ಲಿಯೇ ವಿವರಿಸಿದರು. ದನಗಳಲ್ಲಿ ಲಕ್ಷಣಗಳು ಸ್ಪಷ್ಟವಾಗಿ ಕಾಣುತ್ತವೆ. ಎಮ್ಮೆಗಳಲ್ಲಿ ಅಷ್ಟಾಗಿ ಕಾಣದಿದ್ದರೂ ಸೋಂಕು ಇರಬಹುದು. ಮೂಗಿನ ಸಿಂಬಳದೊಂದಿಗೆ ಮೊಟ್ಟೆಗಳು ನೀರಿಗೆ ಬೀಳುತ್ತವೆ. ಇದರ ಬಸವನಹುಳು ಚಪ್ಪಟೆ ಸುರುಳಿಯಾಕಾರದ ಚಿಪ್ಪುಳ್ಳದ್ದು. ಬಸವನಹುಳುವಿನಿಂದ ಹೊರಬಂದ ಸರ್ಕೇರಿಯಗಳು ನೀರಿನಲ್ಲಿ ನಿಂತ ಪ್ರಾಣಿಯ ಚರ್ಮವನ್ನೇ ಕೊರೆದು ಒಳಸೇರುತ್ತವೆ. ಇದೇ ಗುಂಪಿನ ಕೆಲವು ಜಾತಿಗಳ ಸರ್ಕೇರಿಯಗಳು ಕೆರೆಗಿಳಿದ ಮನುಷ್ಯರ ಚರ್ಮವನ್ನು ಹೊಕ್ಕು ಅಲ್ಲಿಯೇ ಸಾಯುವುದರಿಂದ ಕಾಲುಗಳಲ್ಲಿ ತುರಿಕೆ ಮತ್ತು ಗುಳ್ಳೆಗಳು ಏಳುತ್ತವೆ.

ಈ ಮರಿಗಳನ್ನು ತಿನ್ನುವ ಜಲಜೀವಿಗಳು

ಮಿರಾಸಿಡಿಯಂ ಮತ್ತು ಸರ್ಕೇರಿಯಗಳು ನೀರಿನಲ್ಲಿರುವ ಕೆಲವು ಗಂಟೆಗಳಲ್ಲಿ ಅವುಗಳನ್ನು ಈ ಕೆಳಗಿನ ಜೀವಿಗಳು ತಿನ್ನುತ್ತವೆಂದು ವಿವಿಧ ದೇಶಗಳ ಅಧ್ಯಯನಗಳಿಂದ ತಿಳಿದುಬಂದಿದೆ:

1. ಏರೋಪ್ಲೇನ್ ಚಿಟ್ಟೆಯೆಂದು ಮಕ್ಕಳು ಕರೆಯುವ ಕೀಟಗಳ ಗುಂಪಿನ ಮರಿಗಳು. ರೆಕ್ಕೆ ಬರುವ ಮೊದಲು ಇವು ನೀರಿನಲ್ಲಿಯೇ ಬೆಳೆಯುತ್ತವೆ. ಇವುಗಳ ಪೈಕಿ ಕಡ್ಡಿಯಂತೆ ಸಣ್ಣ ದೇಹವುಳ್ಳ ಜಾತಿಗಳ ಮರಿಗಳು ಸರ್ಕೇರಿಯಗಳನ್ನು ಚೆನ್ನಾಗಿ ಬೇಟೆಯಾಡುತ್ತವೆ.
2. ಸೈಕ್ಲೋಪ್ಸ್ ಗುಂಪಿನ ಜೀವಿಗಳು. ನಾರುಹುಣ್ಣನ್ನು ಹೊತ್ತೊಯ್ಯುವ ಇದೇ ಗುಂಪು ಅನೇಕ ಜಾತಿಯ ಸರ್ಕೇರಿಯಗಳನ್ನು ತಿಂದು ನಾಶಪಡಿಸುತ್ತದೆ.
3. ಬಸವನಹುಳುವಿನ ಚಿಪ್ಪಿನಂಚಿನಲ್ಲಿ ವಾಸಿಸುವ ಕೀಟೊಗ್ಯಾಸ್ಟರ್ ಎಂಬ ಪಾರದರ್ಶಕ ಹುಳು. ಕೆಲವೇ ಮಿಲಿಮೀಟರ್ ಉದ್ದದ ಇದು ಎರೆಹುಳುವಿನ ದೂರದ ಬಂಧು. ಬಸವನಹುಳುವನ್ನು ಹೊಗಲು ಬರುವ ಮಿರಾಸಿಡಿಯಂಗಳನ್ನೂ ಅದರಿಂದ ಹೊರಬರುವ ಸರ್ಕೇರಿಯಗಳನ್ನೂ ಇದು ನುಂಗುತ್ತದೆ.
4. ಹೈಡ್ರಾ, ಪ್ಲನೇರಿಯ ಮುಂತಾದ ಇತರ ಸಣ್ಣ ಜೀವಿಗಳು.

ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಇಂತಹ ಬೇಟೆಗಾರ ಜೀವಿಗಳಿದ್ದ ನೀರಿನಲ್ಲಿ ಕಪ್ಪೆಯ ಮರಿಗಳಿಗೆ ಚಪ್ಪಟೆ ಹುಳುವಿನ ಸೋಂಕು ಗಮನಾರ್ಹವಾಗಿ ಕಡಿಮೆಯಾಗಿತ್ತು.

ನಾರುಹುಣ್ಣಿನ ಮರಿಗೂ ಸರ್ಕೇರಿಯಕ್ಕೂ ಇರುವ ವ್ಯತ್ಯಾಸದ ಕಾರಣ ಸರಳವಾಗಿದೆ. ನಾರುಹುಣ್ಣಿನ ಮರಿಗೆ ಸೈಕ್ಲೋಪ್ಸ್ ಮುಂದಿನ ಆಶ್ರಯದಾತ ಜೀವಿ. ಆದುದರಿಂದ ಅದರ ಕರುಳಿನಿಂದ ಪಾರಾಗುವ ಸಾಮರ್ಥ್ಯ ಆ ಮರಿಗಿದೆ. ಜಾನುವಾರುಗಳ ಈ ಎರಡು ಚಪ್ಪಟೆ ಹುಳುಗಳ ಸರ್ಕೇರಿಯವು ಸೇರಬೇಕಾದದ್ದು ಹುಲ್ಲನ್ನು ಅಥವಾ ಪ್ರಾಣಿಯ ಚರ್ಮವನ್ನು. ಕೀಟದ ಹೊಟ್ಟೆ ಸೇರಿದರೆ ಅದು ಜೀರ್ಣವಾಗುತ್ತದೆ.

ಈ ಸಹಾಯಕ್ಕೆ ಇರುವ ಮಿತಿ

ಸೋಂಕು ತಗಲಿದ ಒಂದೇ ಬಸವನಹುಳು ದಿನಕ್ಕೆ ನೂರಾರು, ಕೆಲವೊಮ್ಮೆ ಸಾವಿರಾರು ಸರ್ಕೇರಿಯಗಳನ್ನು ಬಿಡಬಲ್ಲದು. ಜಲಜೀವಿಗಳು ಎಷ್ಟೇ ತಿಂದರೂ ಕೆಲವು ಉಳಿಯುತ್ತವೆ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಬಸವನಹುಳುಗಳು ಕೆಸರಿನಲ್ಲಿ ಹುದುಗಿ ಬದುಕಿ, ನೀರು ಬಂದ ಕೂಡಲೇ ಮತ್ತೆ ಹೆಚ್ಚುತ್ತವೆ. ಆದುದರಿಂದ ಕೆರೆಯಲ್ಲಿ ಕೀಟಗಳು ಹೇರಳವಾಗಿವೆ ಎಂಬ ಕಾರಣಕ್ಕೆ ಜಾನುವಾರುಗಳ ಪರೀಕ್ಷೆ ಮತ್ತು ಚಿಕಿತ್ಸೆಯನ್ನು ಮುಂದೂಡಬಾರದು.

ಕೆರೆಗೆ ಕೀಟನಾಶಕ ಸೇರುವುದರಿಂದಾಗುವ ಹಾನಿ

ಈ ಭಾಗದಲ್ಲಿ ಹತ್ತಿ, ಮೆಣಸಿನಕಾಯಿ, ಹೆಸರು ಮತ್ತು ಕಡಲೆ ಬೆಳೆಗಳಿಗೆ ಕೀಟನಾಶಕ ಸಿಂಪಡಿಸುವುದು ಸಾಮಾನ್ಯ. ಸಿಂಪಡಣೆಯ ಪಂಪನ್ನು ಕೆರೆ ಅಥವಾ ಕಾಲುವೆಯಲ್ಲಿ ತೊಳೆಯುವುದು, ಖಾಲಿ ಡಬ್ಬಿಗಳನ್ನು ದಂಡೆಯಲ್ಲಿ ಎಸೆಯುವುದು, ನೀರಿನ ಹುಳುಗಳನ್ನು ಕೊಲ್ಲಲೆಂದು ಕೃಷಿ ಔಷಧವನ್ನು ಕೆರೆಗೆ ಸುರಿಯುವುದು ಇವೆಲ್ಲವೂ ಅತ್ಯಂತ ಅಪಾಯಕಾರಿ. ಜನ ಮತ್ತು ಜಾನುವಾರುಗಳಿಗೆ ವಿಷಬಾಧೆಯಾಗುವುದು ಇದರ ಮೊದಲ ಅಪಾಯ.

ಎರಡನೆಯ ಅಪಾಯವು ನಿಧಾನವಾಗಿ ಕಂಡುಬರುತ್ತದೆ. ಕೀಟನಾಶಕಗಳು ಸೈಕ್ಲೋಪ್ಸ್, ಕೀಟಗಳ ಮರಿಗಳು ಮತ್ತು ಬಸವನಹುಳುವನ್ನು ತಿನ್ನುವ ನೀರು ತಿಗಣೆಗಳನ್ನು ಬೇಗನೆ ಕೊಲ್ಲುತ್ತವೆ. ಬಸವನಹುಳುಗಳು ಇಂತಹ ಅನೇಕ ಔಷಧಗಳನ್ನು ತಾಳಿಕೊಳ್ಳುತ್ತವೆ. ಹೊಲದಿಂದ ಹರಿದುಬರುವ ರಾಸಾಯನಿಕ ಗೊಬ್ಬರದಿಂದ ಪಾಚಿ ಬೆಳೆದು ಬಸವನಹುಳುಗಳಿಗೆ ಆಹಾರವೂ ಹೆಚ್ಚುತ್ತದೆ. ಮನುಷ್ಯರ ರಕ್ತನಾಳದ ಚಪ್ಪಟೆ ಹುಳುವಿನ ಬಗ್ಗೆ 2018ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದು, ಕೃಷಿ ರಾಸಾಯನಿಕಗಳು ಇದೇ ರೀತಿಯಲ್ಲಿ ರೋಗದ ಅಪಾಯವನ್ನು ಹೆಚ್ಚಿಸಬಲ್ಲವೆಂದು ತೋರಿಸಿದೆ. ಕೆರೆಯನ್ನು ಶುದ್ಧಗೊಳಿಸುವ ಉದ್ದೇಶದಿಂದ ಹಾಕಿದ ವಿಷವು ಹೀಗೆ ರೋಗಕ್ಕೇ ಅನುಕೂಲವಾಗಬಹುದು.

ಸಾರ್ವಜನಿಕರು ಅನುಸರಿಸಬೇಕಾದ ಕ್ರಮಗಳು

ಕುಡಿಯುವ ನೀರಿನ ಬಗ್ಗೆ:
1. ನಲ್ಲಿಯ ಶುದ್ಧೀಕರಿಸಿದ ನೀರು ಅಥವಾ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನೇ ಕುಡಿಯಲು ಬಳಸತಕ್ಕದ್ದು.
2. ಕೆರೆಯ ನೀರನ್ನು ಬಳಸುವುದು ಅನಿವಾರ್ಯವಾದರೆ, ಸ್ವಚ್ಛವಾದ ಹತ್ತಿ ಬಟ್ಟೆಯನ್ನು ಹಲವು ಪದರವಾಗಿ ಮಡಚಿ ಸೋಸಿ, ನಂತರ ಕುದಿಸಿ ಆರಿಸಿ ಕುಡಿಯತಕ್ಕದ್ದು. ಬಾಂಗ್ಲಾದೇಶದ ಗ್ರಾಮಗಳಲ್ಲಿ ಹಳೆಯ ಸೀರೆಯನ್ನು ಮಡಚಿ ನೀರನ್ನು ಸೋಸಿದ್ದರಿಂದ ಕಾಲರಾ ಪ್ರಕರಣಗಳು ಸುಮಾರು ಅರ್ಧದಷ್ಟು ಇಳಿದವೆಂದು 2003ರಲ್ಲಿ ವರದಿಯಾಗಿದೆ. ಕಾಲರಾ ರೋಗಾಣುಗಳು ಸೈಕ್ಲೋಪ್ಸ್‌ನಂತಹ ಜೀವಿಗಳ ಮೈಗೆ ಅಂಟಿಕೊಂಡಿರುವುದೇ ಇದಕ್ಕೆ ಕಾರಣ.
3. ಸೋಸಿದ ಬಟ್ಟೆಯನ್ನು ತಿರುಗಿಸದೆ ಯಾವಾಗಲೂ ಒಂದೇ ಮಗ್ಗುಲು ಮೇಲೆ ಬರುವಂತೆ ಬಳಸಿ, ಪ್ರತಿ ಬಾರಿ ತೊಳೆದು ಬಿಸಿಲಿನಲ್ಲಿ ಒಣಗಿಸತಕ್ಕದ್ದು.
4. ಕುಡಿಯುವ ನೀರಿನ ಕೆರೆಯಲ್ಲಿ ಇಳಿಯುವುದು, ಬಟ್ಟೆ ಒಗೆಯುವುದು, ಜಾನುವಾರುಗಳ ಮೈತೊಳೆಯುವುದು ಕೂಡದು.

ಜಾನುವಾರುಗಳ ಬಗ್ಗೆ:
1. ಸಾಧ್ಯವಾದಷ್ಟು ಮಟ್ಟಿಗೆ ಜಾನುವಾರುಗಳಿಗೆ ತೊಟ್ಟಿಯಲ್ಲಿ ನೀರು ಕುಡಿಸತಕ್ಕದ್ದು.
2. ಕೆರೆಯ ಅಂಚಿನ ಹಸಿ ಹುಲ್ಲನ್ನು ಕೊಯ್ದು ಹಾಗೆಯೇ ತಿನ್ನಿಸುವ ಬದಲು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ನೀಡುವುದು ಒಳ್ಳೆಯದು.
3. ಸಗಣಿಯನ್ನು ತಿಪ್ಪೆಯಲ್ಲಿ ಕೊಳೆಯಿಸತಕ್ಕದ್ದು; ನೀರಿಗೆ ಹರಿಯಲು ಬಿಡಬಾರದು.
4. ಎಲ್ಲ ಜಂತು ಔಷಧಗಳೂ ಚಪ್ಪಟೆ ಹುಳುಗಳ ಮೇಲೆ ಪರಿಣಾಮ ಬೀರುವುದಿಲ್ಲ. ಪಶುವೈದ್ಯರ ಸಲಹೆಯಿಲ್ಲದೆ ಔಷಧ ಕುಡಿಸಬಾರದು.

ಸೇವೆ ಪಡೆಯುವ ವಿಧಾನ

ಸಗಣಿ ಪರೀಕ್ಷೆ: ಸಮೀಪದ ಪಶು ಚಿಕಿತ್ಸಾಲಯ ಅಥವಾ ಪಶು ಆಸ್ಪತ್ರೆಯನ್ನು ಸಂಪರ್ಕಿಸುವುದು. ಆಗತಾನೆ ಹಾಕಿದ ಸಗಣಿಯ ಮೇಲ್ಭಾಗದಿಂದ, ಮಣ್ಣು ತಾಗದಂತೆ, ಸ್ವಚ್ಛವಾದ ಮುಚ್ಚಳವಿರುವ ಡಬ್ಬಿಯಲ್ಲಿ ಸ್ವಲ್ಪ ಮಾದರಿಯನ್ನು ತೆಗೆದುಕೊಂಡು ಅದೇ ದಿನ ತಲುಪಿಸುವುದು. ಡಬ್ಬಿಯ ಮೇಲೆ ಮಾಲೀಕರ ಹೆಸರು, ಗ್ರಾಮ, ಪ್ರಾಣಿಯ ವಿವರ ಮತ್ತು ದಿನಾಂಕವನ್ನು ಬರೆಯುವುದು. ಪ್ರಾಣಿಯು ನೀರು ಕುಡಿಯುವ ಸ್ಥಳವನ್ನು ತಿಳಿಸಿದರೆ ರೋಗ ಪತ್ತೆಗೆ ಅನುಕೂಲವಾಗುತ್ತದೆ. ಗೊರಕೆಯ ಲಕ್ಷಣವಿದ್ದಲ್ಲಿ ಸಿಂಬಳದ ಪರೀಕ್ಷೆ ಅಗತ್ಯವಾಗುವುದರಿಂದ ಪ್ರಾಣಿಯನ್ನೇ ವೈದ್ಯರಿಗೆ ತೋರಿಸುವುದು. ಆಸ್ಪತ್ರೆಗೆ ಕರೆತರಲಾಗದ ಪ್ರಾಣಿಗಳಿಗಾಗಿ ಸಂಚಾರಿ ಪಶು ಚಿಕಿತ್ಸಾ ಸೇವೆಯ 1962 ಸಂಖ್ಯೆಗೆ ಕರೆ ಮಾಡಬಹುದು.

ನೀರಿನ ಪರೀಕ್ಷೆ: ಗ್ರಾಮ ಪಂಚಾಯಿತಿಗೆ ಲಿಖಿತ ಮನವಿ ಸಲ್ಲಿಸುವುದು. ನೀರಿನ ಮೂಲ ಯಾವುದು, ಎಷ್ಟು ಮನೆಗಳು ಬಳಸುತ್ತಿವೆ, ನೀರಿನ ಬಣ್ಣ ಅಥವಾ ವಾಸನೆಯಲ್ಲಿ ಬದಲಾವಣೆ ಯಾವಾಗಿನಿಂದ ಕಂಡಿದೆ ಎಂಬುದನ್ನು ಮನವಿಯಲ್ಲಿ ನಮೂದಿಸುವುದು. ಪ್ರಯೋಗಾಲಯದಲ್ಲಿ ಮುಖ್ಯವಾಗಿ ಲವಣಾಂಶ, ರಾಸಾಯನಿಕಗಳು ಮತ್ತು ಬ್ಯಾಕ್ಟೀರಿಯಗಳನ್ನು ಪರೀಕ್ಷಿಸಲಾಗುತ್ತದೆ. ನೀರಿನಲ್ಲಿ ಜಿಗಿಯುವ ಸಣ್ಣ ಜೀವಿಗಳು ಕಂಡಿದ್ದರೆ ಅದನ್ನು ಪ್ರತ್ಯೇಕವಾಗಿ ತಿಳಿಸತಕ್ಕದ್ದು.

ಆರೋಗ್ಯ ಸೇವೆ: ಚರ್ಮದ ಗುಳ್ಳೆಯಿಂದ ದಾರದಂತಹ ಹುಳು ಹೊರಬರುತ್ತಿರುವ ವ್ಯಕ್ತಿ ಕಂಡುಬಂದಲ್ಲಿ ತಕ್ಷಣ ಆಶಾ ಕಾರ್ಯಕರ್ತೆಗೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸತಕ್ಕದ್ದು. ಆ ವ್ಯಕ್ತಿಯು ಕೆರೆ, ಬಾವಿ ಅಥವಾ ಕಾಲುವೆಗೆ ಇಳಿಯದಂತೆ ನೋಡಿಕೊಳ್ಳತಕ್ಕದ್ದು. ದೇಶವು ರೋಗಮುಕ್ತವಾಗಿದ್ದರೂ ಹೊರದೇಶದಿಂದ ಬಂದವರಲ್ಲಿ ರೋಗವಿರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ಸೈಕ್ಲೋಪ್ಸ್ ನಮ್ಮ ನೀರಿನಲ್ಲಿ ಇಂದಿಗೂ ಇದೆ.

ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನಮ್ಮ ಕೆರೆಯ ನೀರಿನಲ್ಲಿ ಸೈಕ್ಲೋಪ್ಸ್ ಕಂಡಿದೆ. ನಾರುಹುಣ್ಣು ಬರುವುದೇ?
ಉತ್ತರ: ಇಲ್ಲ. ನಾರುಹುಣ್ಣಿನ ರೋಗಿಯಿಂದ ಮರಿಹುಳುಗಳು ನೀರಿಗೆ ಸೇರಿದ್ದರೆ ಮಾತ್ರ ಸೈಕ್ಲೋಪ್ಸ್ ರೋಗವಾಹಕವಾಗುತ್ತದೆ. 1996ರ ನಂತರ ದೇಶದಲ್ಲಿ ರೋಗಿಗಳಿಲ್ಲ. ಆದರೆ ಸೈಕ್ಲೋಪ್ಸ್ ಕಾಣುವ ನೀರು ಸೋಸದ ನೀರೆಂಬುದು ಖಚಿತ. ಅದನ್ನು ಸೋಸಿ, ಕುದಿಸಿಯೇ ಕುಡಿಯತಕ್ಕದ್ದು.

ಪ್ರಶ್ನೆ: ಟೆಮಿಫಾಸ್ ಔಷಧವನ್ನು ಗ್ರಾಮಸ್ಥರೇ ಕೆರೆಗೆ ಹಾಕಬಹುದೇ?
ಉತ್ತರ: ಹಾಕಬಾರದು. ನೀರಿನ ಪ್ರಮಾಣವನ್ನು ಲೆಕ್ಕಹಾಕಿ ಆರೋಗ್ಯ ಸಿಬ್ಬಂದಿ ಮಾತ್ರ ಬಳಸುವ ಔಷಧವಿದು.

ಪ್ರಶ್ನೆ: ಕೆರೆಯಲ್ಲಿ ಮೀನು ಬಿಡುವುದರಿಂದ ಪ್ರಯೋಜನವಿದೆಯೇ?
ಉತ್ತರ: ಕೆಲವು ಮೀನುಗಳು ಸೈಕ್ಲೋಪ್ಸನ್ನೂ ಸೊಳ್ಳೆಯ ಮರಿಗಳನ್ನೂ ತಿನ್ನುತ್ತವೆ. ಆದರೆ ಅವು ಉಪಕಾರಿ ಕೀಟಗಳ ಮರಿಗಳನ್ನೂ ತಿನ್ನಬಹುದು. ಗ್ರಾಮ ಪಂಚಾಯಿತಿ ಮತ್ತು ಮೀನುಗಾರಿಕೆ ಇಲಾಖೆಯ ಸಲಹೆ ಪಡೆದು ಮುಂದುವರಿಯತಕ್ಕದ್ದು. ಮೀನನ್ನು ಚೆನ್ನಾಗಿ ಬೇಯಿಸಿಯೇ ತಿನ್ನತಕ್ಕದ್ದು. ಹಸಿ ಕರುಳನ್ನು ನಾಯಿಗಳಿಗೆ ಹಾಕಬಾರದು.

ಪ್ರಶ್ನೆ: ಕೆರೆಯಲ್ಲಿ ಇಳಿದ ಮೇಲೆ ಕಾಲುಗಳಲ್ಲಿ ತುರಿಕೆ ಬರುತ್ತಿದೆ. ಏನು ಮಾಡಬೇಕು?
ಉತ್ತರ: ನೀರಿನಿಂದ ಹೊರಬಂದ ಕೂಡಲೇ ಕಾಲುಗಳನ್ನು ಒಣ ಬಟ್ಟೆಯಿಂದ ಚೆನ್ನಾಗಿ ಒರೆಸಿಕೊಳ್ಳುವುದು. ತುರಿಕೆ ಕಡಿಮೆಯಾಗದಿದ್ದರೆ ವೈದ್ಯರನ್ನು ಕಾಣುವುದು. ಅದೇ ನೀರಿಗಿಳಿಯುವ ಜಾನುವಾರುಗಳನ್ನೂ ಪರೀಕ್ಷೆಗೆ ಒಳಪಡಿಸುವುದು ಸೂಕ್ತ.

ಸಾರಾಂಶ

ಕೆರೆಯ ಸಣ್ಣ ಜೀವಿಗಳೆಲ್ಲವೂ ರೋಗಕಾರಕಗಳಲ್ಲ. ಅವುಗಳಲ್ಲಿ ಹಲವು ನಮ್ಮ ಜಾನುವಾರುಗಳ ಪರೋಪಜೀವಿಗಳನ್ನು ದಿನವೂ ತಿಂದು ಕಡಿಮೆ ಮಾಡುತ್ತಿವೆ. ಕುಡಿಯುವ ನೀರನ್ನು ಮನೆಯಲ್ಲಿ ಸೋಸಿ ಕುದಿಸುವುದು, ಕೆರೆಗೆ ವಿಷ ಸೇರದಂತೆ ಕಾಯುವುದು ಮತ್ತು ಜಾನುವಾರುಗಳನ್ನು ಕಾಲಕಾಲಕ್ಕೆ ಪರೀಕ್ಷಿಸುವುದು, ಈ ಮೂರು ಕ್ರಮಗಳನ್ನು ಒಟ್ಟಾಗಿ ಪಾಲಿಸಲು ಸಾರ್ವಜನಿಕರಲ್ಲಿ ಕೋರಲಾಗಿದೆ.